ನಮೀಬಿಯಾದಲ್ಲಿ ಉಂಗುರವಿಲ್ಲದ ಶನಿ

ಕಸ್ಟಮ್ಸ್ ಮೇಜು

ವಿಂಡ್‌ಹುಕ್ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿ ನಮ್ಮ ಪೆಟ್ಟಿಗೆಯಿಂದ ಒಂದು ರೇಷ್ಮೆಗೂಡು ಎತ್ತಿಕೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಏನೋ ಕಟಕಟ ಎಂದಿತು. ಅವಳ ಮುಖ ಬದಲಾಯಿತು.

"ಒಳಗೆ ಪ್ರಾಣಿ ಇದೆ," ಎಂದಳು.

ಇತ್ತು. ಸತ್ತು ಒಣಗಿದ ಹುಳು. ಪೆಟ್ಟಿಗೆಯ ತುಂಬ ಅಂಥ ನೂರಾರು ಗೂಡುಗಳು, ಅವುಗಳ ನಡುವೆ ಮೊಟ್ಟೆಯಂತೆ ಮಲಗಿದ್ದ ನಮ್ಮ ಟೆಲಿಸ್ಕೋಪು. ಇದು ಅನ್ವರನ ಕೆಲಸ. ಶಿಡ್ಲಘಟ್ಟದಲ್ಲಿ ಅವನದೊಂದು ಫೋಟೋ ಸ್ಟುಡಿಯೋ ಇದೆ, ಅದರ ಹಿಂದೆಯೇ ಅವನ ಅಣ್ಣಂದಿರ ನೂಲು ಬಿಚ್ಚುವ ಘಟಕ. ಒಡೆಯುವ ಸಾಮಾನು ಏನೇ ಇದ್ದರೂ ಅವರ ಮನೆಯಲ್ಲಿ ಕೆಟ್ಟ ಗೂಡುಗಳ ನಡುವೆ ಇಟ್ಟು ಕಳಿಸುತ್ತಾರೆ. ಅವನ ತಂಗಿಯ ಮದುವೆಯ ಗಾಜಿನ ಲೋಟಗಳು ಹಾಗೇ ಹೋಗಿದ್ದವಂತೆ, ಒಂದೂ ಒಡೆಯಲಿಲ್ಲ. ಲೋಟಗಳು ದೇಶದ ಗಡಿ ದಾಟಿರಲಿಲ್ಲ ಎಂಬುದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

"ತಿನ್ನುವುದಕ್ಕೆ ತಂದಿದ್ದೀರಾ?" ಅವಳು ಕೇಳಿದಳು.

ಅದನ್ನು ನಾನು ಕನ್ನಡಕ್ಕೆ ತಿರುಗಿಸಿ ಹೇಳಿದಾಗ ಅನ್ವರ್ ಎರಡು ಹೆಜ್ಜೆ ಹಿಂದೆ ಸರಿದ. "ತೌಬಾ! ಹುಳು ಯಾರಾದ್ರೂ ತಿಂತಾರಾ? ಹೇಳು ಆಯಮ್ಮಂಗೆ, ನಾವು ಮರ್ಯಾದಸ್ಥರು ಅಂತ."

ಹೇಳದೆ ಇದ್ದದ್ದೇ ಒಳ್ಳೆಯದಾಯಿತು. ಅವರ ಕಡೆ ಮರದ ಎಲೆ ತಿಂದು ಬೆಳೆಯುವ ಕಂಬಳಿಹುಳುಗಳನ್ನು ಒಣಗಿಸಿಟ್ಟು, ಈರುಳ್ಳಿ ಟೊಮೆಟೊ ಹಾಕಿ ಹುರಿಯುತ್ತಾರಂತೆ. "ನಮ್ಮಮ್ಮ ಮಾಡಿದ್ದನ್ನು ನೀವು ತಿನ್ನಬೇಕು," ಎಂದು ಅವಳು ಕಣ್ಣರಳಿಸಿದಳು. ಗೂಡುಗಳನ್ನೆಲ್ಲ ಒಂದು ಚೀಲಕ್ಕೆ ಸುರಿದು ಮೊಹರು ಮಾಡಿದಳು. ನಮ್ಮ ಟೆಲಿಸ್ಕೋಪು ಎರಡು ಲುಂಗಿ ಮತ್ತು ನನ್ನ ಒಂದೇ ಒಂದು ಸ್ವೆಟರಿನಲ್ಲಿ ಸುತ್ತಿಕೊಂಡು ದೇಶದೊಳಗೆ ಕಾಲಿಟ್ಟಿತು.

ಇಷ್ಟು ದೂರ ಒಂದು ಟೆಲಿಸ್ಕೋಪು ಹೊತ್ತು ಬಂದದ್ದು ಏಕೆಂದು ಮೊದಲೇ ಹೇಳಿಬಿಡುತ್ತೇನೆ. ನಾನು ಬಂದದ್ದು ದೇಶ ನೋಡಲು ಅಲ್ಲ, ನನ್ನ ಒಂದು ನೆನಪನ್ನು ಪರೀಕ್ಷಿಸಲು.

ನಾನು ಬೆಳೆದದ್ದು ಗೌರಿಬಿದನೂರಿನಲ್ಲಿ. ಚಿಕ್ಕವನಿದ್ದಾಗ ಒಂದು ಸಂಜೆ ಮನೆಯ ತಾರಸಿಯ ಮೇಲೆ ಅಪ್ಪ ನನಗೆ ಶಾಲೆಯ ಟೆಲಿಸ್ಕೋಪಿನಲ್ಲಿ ಶನಿಗ್ರಹ ತೋರಿಸಿದರು. ನನಗೆ ಒಂದೇ ಕಣ್ಣು ಮುಚ್ಚಲು ಬರುವುದಿಲ್ಲ, ಇವತ್ತಿಗೂ; ಮುಚ್ಚಿದರೆ ಎರಡೂ ಒಟ್ಟಿಗೆ ಮುಚ್ಚಿಕೊಳ್ಳುತ್ತವೆ. ಅಪ್ಪ ಹಿಂದೆ ನಿಂತು ಅಂಗೈಯಿಂದ ನನ್ನ ಎಡಗಣ್ಣು ಮುಚ್ಚಿದರು. ಅವರ ಗಡಿಯಾರದ ಪಟ್ಟಿ ಹಣೆಗೆ ತಣ್ಣಗೆ ತಾಗಿತು. ಆಗ ಕಂಡದ್ದು ಒಂದು ಪುಟ್ಟ ನಿಂಬೆಹಣ್ಣು, ಅದಕ್ಕೆ ಅಡ್ಡಲಾಗಿ ಚುಚ್ಚಿದ ಸೂಜಿ. ಪುಸ್ತಕದಲ್ಲಿದ್ದ ಉಂಗುರ ಇರಲಿಲ್ಲ. ಆಮೇಲೆ ಸ್ವಲ್ಪ ದಿನಕ್ಕೆ ಅಪ್ಪ ತೀರಿಕೊಂಡರು. ನಾನು ಭೌತಶಾಸ್ತ್ರ ಓದಿದ್ದು ಆ ಸೂಜಿಯಿಂದಾಗಿ. ನಾಲ್ಕು ಕಾಲೇಜು ಬದಲಿಸಿದ್ದೇನೆ, ಎಲ್ಲ ಕಡೆಯೂ ನನ್ನ ಮೊದಲ ಪಾಠ ಈ ಕಥೆಯೇ.

ಶನಿಯ ಉಂಗುರ ಸುಮಾರು ಹದಿನೈದು ವರ್ಷಕ್ಕೊಮ್ಮೆ ನಮ್ಮ ಕಡೆಗೆ ಅಂಚು ತಿರುಗಿಸಿ ನಿಲ್ಲುತ್ತದೆ. ಆಗ ಅದು ಬರೀ ಗೆರೆ. ಹಾಗೆ ಎರಡು ಸಲ ಹಿಂದೆ ಹೋದರೆ ನನ್ನ ಬಾಲ್ಯ ಸಿಗುತ್ತದೆ. ಲೆಕ್ಕ ಸರಿ ಎಂದುಕೊಂಡು ಅಲ್ಲಿಗೇ ಬಿಟ್ಟಿದ್ದೆ, ತಿಂಗಳು ವರ್ಷ ಹಿಡಿದು ಹುಡುಕಿರಲಿಲ್ಲ. ಆದರೂ ಅನುಮಾನ ಇತ್ತು. ನಾನು ನಿಜಕ್ಕೂ ಗೆರೆ ನೋಡಿದ್ದೆನೋ, ದೊಡ್ಡವನಾದ ಮೇಲೆ ಓದಿದ್ದನ್ನು ಹಿಂದಕ್ಕೆ ಒಯ್ದು ಅಂಟಿಸಿಕೊಂಡೆನೋ? ನೆನಪು ಅಂಥ ಕೆಲಸ ಮಾಡುತ್ತದೆ ಎಂದು ವಿಶ್ವವಿದ್ಯಾಲಯದಲ್ಲಿ ನನಗೆ ಚೆನ್ನಾಗಿ ಕಲಿಸಿದ್ದಾರೆ. ಸಾಲದ್ದಕ್ಕೆ ಚಿಂತಾಮಣಿಯಲ್ಲಿರುವ ನನ್ನ ಅಕ್ಕ, ಪದ್ಮಕ್ಕ, ನಾನು ಈ ಕಥೆ ಹೇಳಿದಾಗಲೆಲ್ಲ "ಅವತ್ತು ಅಪ್ಪ ಎಲ್ಲಿದ್ರೋ," ಎಂದು ನಕ್ಕು ಒಳಗೆ ಹೋಗುತ್ತಾಳೆ. ಅಪ್ಪ ಸದಾ ಊರೂರು ತಿರುಗುವ ಕೆಲಸದಲ್ಲಿದ್ದವರು. ಅದನ್ನೇ ಹಂಗಿಸುತ್ತಾಳೆ ಎಂದುಕೊಂಡಿದ್ದೆ.

ಈಗ ಮತ್ತೆ ಆ ಕಾಲ ಬಂದಿತ್ತು. ನಾನು ಈಗಿರುವ ಚಿಕ್ಕಬಳ್ಳಾಪುರದ ಆಕಾಶ ಹಿಂಗಾರು ಮೋಡದ ಹಿಂದಿತ್ತು. ಮದುವೆ ಇಲ್ಲದ ದಿನಗಳಲ್ಲಿ ಗ್ರಹಗಳ ಫೋಟೋ ತೆಗೆಯುವ ಹುಚ್ಚಿನ ಅನ್ವರ್ ನಮೀಬಿಯಾದಲ್ಲಿ ಒಂದು ತೋಟದ ಮನೆ ಹುಡುಕಿ, "ನಂಗೆ ಇಂಗ್ಲಿಷ್ ಬರಲ್ಲ, ನಿಂಗೆ ಕ್ಯಾಮೆರಾ ಬರಲ್ಲ. ಹೋಗಣ ಬಾ ಮೇಷ್ಟ್ರೆ," ಎಂದ.

ಜಲ್ಲಿ ರಸ್ತೆ

ನಮ್ಮನ್ನು ಕರೆದೊಯ್ಯಲು ಬಂದವರು ತೋಟದ ಒಡತಿಯೇ. ಇಲ್ಸೆ ಎಂದು ಹೆಸರು. ಎಪ್ಪತ್ತರ ಹತ್ತಿರದ ಬಿಳಿಯ ಹೆಂಗಸು, ಗಂಡಸರ ಬೂಟು, ಕೈಯಲ್ಲಿ ಎರಡು ಬೆಳ್ಳಿಕಡಗ. ಡಾಂಬರು ಮುಗಿದ ಮೇಲೂ ಅವರು ವೇಗ ತಗ್ಗಿಸಲಿಲ್ಲ. ಜಲ್ಲಿ ರಸ್ತೆ ತೊಳೆಯುವ ಹಲಗೆಯ ಹಾಗೆ ಸಾಲು ಸಾಲು ಏಳುಬೀಳು. ನಿಧಾನ ಹೋದರೆ ಎಲುಬು ಸಡಿಲಾಗುತ್ತದೆ, ಜೋರಾಗಿ ಹೋದರೆ ಗಾಡಿ ಗೆರೆಗಳ ಮೇಲೆ ತೇಲುತ್ತದೆ ಎಂಬುದು ಅವರ ಸಿದ್ಧಾಂತ. ಹಿಂದಿನ ಸೀಟಿನಲ್ಲಿ ಅನ್ವರ್ ಟೆಲಿಸ್ಕೋಪನ್ನು ಕೂಸಿನಂತೆ ತೊಡೆಯ ಮೇಲೆ ಹಾಕಿಕೊಂಡು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದ.

ನನ್ನನ್ನು ಗಾಬರಿ ಮಾಡಿದ್ದು ವೇಗವಲ್ಲ, ಮನುಷ್ಯರಿಲ್ಲದಿರುವುದು. ನಮ್ಮ ಕಡೆಯ ಮಂಡಿಕಲ್ ಹೋಬಳಿಯಷ್ಟು ನೆಲ ದಾಟಿದೆವು, ಒಂದು ಟೀ ಅಂಗಡಿ ಇಲ್ಲ, ಬಸ್ಸಿಗೆ ಕಾಯುವ ಒಬ್ಬ ಅಜ್ಜಿ ಇಲ್ಲ. "ಇದೆಲ್ಲ ಯಾರ ಜಮೀನು?" ಎಂದೆ. "ಈ ಗೇಟಿನಿಂದ ನನ್ನದು," ಎಂದರು ಇಲ್ಸೆ. ಅಲ್ಲಿಂದ ಮನೆ ಸಿಗುವವರೆಗೆ ನಾನು ನಿದ್ದೆ ಮಾಡಿ ಎದ್ದೆ. ಮನೆಗೆ ಬೀಗವೇ ಹಾಕಿರಲಿಲ್ಲ.

ಗಾಡಿಯೊಳಗೆ ಸ್ಟೀರಿಂಗಿನ ಪಕ್ಕ ಅವರ ಗಂಡನ ಫೋಟೋ ಅಂಟಿಸಿತ್ತು. ತೀರಿಕೊಂಡು ಬಹಳ ವರ್ಷವಾಯಿತಂತೆ. ಅನ್ವರನೊಳಗಿನ ಸ್ಟುಡಿಯೋದವನು ಎಚ್ಚೆತ್ತ.

"ಕೇಳು ಮೇಷ್ಟ್ರೆ. ಈಗಿನ ಅವರ ಫೋಟೋ ಒಂದು ಹೊಡೀತೀನಿ, ಪಕ್ಕದಲ್ಲಿ ಯಜಮಾನರನ್ನ ಕೂರಿಸಿಕೊಡ್ತೀನಿ. ಕಾಸು ಬೇಡ."

ನಮ್ಮ ಕಡೆ ಇದು ಎಷ್ಟು ಸಾಮಾನ್ಯ ಎಂದರೆ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಶಿಡ್ಲಘಟ್ಟದಿಂದ ಚಿಂತಾಮಣಿವರೆಗೆ ಯಾವ ಮನೆಯ ಮದುವೆ ಆಲ್ಬಂ ತೆರೆದರೂ ತೀರಿಹೋದ ಒಬ್ಬ ಹಿರಿಯರು ವಧುವರರ ಪಕ್ಕದಲ್ಲಿ ನಿಂತಿರುತ್ತಾರೆ. ನನ್ನ ಮದುವೆಯ ಫೋಟೋದಲ್ಲಿ ನನ್ನ ಅಪ್ಪ ನಿಂತಿದ್ದಾರೆ. ಅನ್ವರನೇ ನಿಲ್ಲಿಸಿದ್ದು. ಆ ಫೋಟೋ ಚಿಕ್ಕಬಳ್ಳಾಪುರದ ನನ್ನ ಮನೆಯ ಗೋಡೆಯ ಮೇಲಿದೆ.

ಇಲ್ಸೆ ನನ್ನ ಮಾತು ಪೂರ್ತಿ ಕೇಳಿಸಿಕೊಂಡು, "ಬೇಡ. ಇದ್ದಾಗ ಇದ್ದರು. ಈಗ ಇಲ್ಲ," ಎಂದರು. ಕೋಪವಿರಲಿಲ್ಲ, ದುಃಖವೂ ಇರಲಿಲ್ಲ.

"ಎಂಥ ಕಲ್ಲುಮನಸ್ಸು!" ಎಂದ ಅನ್ವರ್.

ಮೊದಲ ಸಂಜೆ

ಅಲ್ಲಿ ಸೂರ್ಯ ಮುಳುಗುವುದು ಯಾರೋ ಸ್ವಿಚ್ ಆರಿಸಿದಂತೆ. ಅನ್ವರ್ ಫೋನು ನೋಡಿ ನಮಾಜಿಗೆ ದಿಕ್ಕು ಹುಡುಕಿದ. ಊರಲ್ಲಿ ಪಡುವಣಕ್ಕೆ ತಿರುಗುತ್ತಿದ್ದವನು ಇಲ್ಲಿ ಹೆಚ್ಚುಕಡಿಮೆ ಉತ್ತರಕ್ಕೆ ತಿರುಗಬೇಕಾಯಿತು. ಮುಗಿಸಿ ಎದ್ದು, ಅದೇ ದಿಕ್ಕಿಗೆ ಟೆಲಿಸ್ಕೋಪಿನ ಕಾಲುಗಳನ್ನೂ ಹೂಡಿದ. ಭೂಮಿ ತಿರುಗಿದಂತೆ ಗ್ರಹ ನೋಟದಿಂದ ಜಾರಿಹೋಗುತ್ತದೆ. ಅದನ್ನು ಹಿಂಬಾಲಿಸುವ ಒಂದು ಮೋಟಾರು ಇರುತ್ತದೆ, ಅದರ ಅಚ್ಚು ಧ್ರುವನಕ್ಷತ್ರದ ಕಡೆ ಇರಬೇಕು. ಸ್ಟುಡಿಯೋ ಮಹಡಿಯ ಮೇಲೆ ವರ್ಷಗಟ್ಟಲೆ ಅವನು ಮಾಡಿದ್ದು ಅದನ್ನೇ.

ಶನಿ ಸಿಕ್ಕಿತು. ಅನ್ವರ್ ಕ್ಯಾಮೆರಾ ಸಿಕ್ಕಿಸುವಷ್ಟರಲ್ಲಿ ಹೋಯಿತು. ಮತ್ತೆ ಹಿಡಿದ, ಮತ್ತೆ ಹೋಯಿತು.

"ಓಡ್ತಾ ಇದಾನಪ್ಪ! ಊರಲ್ಲಿ ಯಾವತ್ತೂ ಹಿಂಗೆ ಓಡಿಲ್ಲ."

ಇಲ್ಸೆ ಕಾಫಿ ಲೋಟ ಹಿಡಿದು ನಿಂತು ನೋಡುತ್ತಿದ್ದರು. ಕೊನೆಗೆ, "ಅವರು ಯಾವ ನಕ್ಷತ್ರ ಹುಡುಕುತ್ತಿದ್ದಾರೆ?" ಎಂದು ಕೇಳಿದರು. ಧ್ರುವ ಎಂದೆ. "ಅದು ಇಲ್ಲಿ ನೆಲದ ಕೆಳಗಿದೆ," ಎಂದು ನೆಲಕ್ಕೆ ಬೂಟು ತಟ್ಟಿದರು.

ನನಗೆ ಇದು ಗೊತ್ತಿರಲಿಲ್ಲವೇ? ಪಾಠ ಮಾಡಿದ್ದೇನೆ, ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದೇನೆ. ಆದರೂ ಉತ್ತರಕ್ಕೆ ಮುಖ ಮಾಡಿ ಧ್ರುವ ಇಲ್ಲದ ಆಕಾಶ ನೋಡಿದಾಗ, ಮನೆಗೆ ಬಂದಾಗ ಬಾಗಿಲು ಇದ್ದ ಜಾಗದಲ್ಲಿ ಗೋಡೆ ಕಂಡಂತಾಯಿತು. ಅನ್ವರನ ಮೋಟಾರು ಅಲ್ಲಿಲ್ಲದ ಧ್ರುವವನ್ನು ನಂಬಿ ಶನಿಯನ್ನು ತಪ್ಪು ದಾರಿಯಲ್ಲಿ ಹಿಂಬಾಲಿಸುತ್ತಿತ್ತು. ಆ ಸಂಜೆ ಅಷ್ಟಕ್ಕೇ ಮುಗಿಯಿತು.

ಎರಡನೆಯ ಸಂಜೆ

ಮರುದಿನ ಹಗಲು ಅನ್ವರ್ ಮೊಟ್ಟೆ ಮತ್ತು ಆಲೂಗಡ್ಡೆ ತಿಂದು, ನಾನು ಜಿಂಕೆಯಂಥ ಯಾವುದೋ ಪ್ರಾಣಿಯ ಮಾಂಸ ತಿಂದು ಕಳೆದೆವು. ಬೆಳಿಗ್ಗೆ ಇಲ್ಸೆ ಕೊಟ್ಟ ರಸ್ಕು ನಮ್ಮ ಬೇಕರಿ ರಸ್ಕಿನ ಅಣ್ಣನಂತಿತ್ತು. ಕಾಫಿಯಲ್ಲಿ ಅದ್ದದೆ ಕಚ್ಚಿದ್ದಕ್ಕೆ ನನ್ನ ಒಂದು ಹಲ್ಲು ಮೂರು ದಿನ ನೋಯಿತು. ಸಂಜೆ ಕಾಲುಗಳನ್ನು ದಕ್ಷಿಣಕ್ಕೆ ಹೂಡಿ, ಮೋಟಾರು ಉಲ್ಟಾ ತಿರುಗುವಂತೆ ಮಾಡಿದೆವು. ಶನಿ ನಿಂತಿತು.

"ಕ್ಯಾಮೆರಾ ಹಾಕೋ ಮುಂಚೆ ನೀನು ಕಣ್ಣಲ್ಲಿ ನೋಡು. ನಿನ್ನ ಪರೀಕ್ಷೆ ಮುಗೀಲಿ," ಎಂದ ಅನ್ವರ್.

ಬಗ್ಗಿದೆ. ಎರಡೂ ಕಣ್ಣು ಮುಚ್ಚಿಕೊಂಡವು. ತೆರೆದರೆ ಎಡಗಣ್ಣಿಗೆ ಟೆಲಿಸ್ಕೋಪಿನ ಕೊಳವೆ ಕಾಣುತ್ತದೆ, ಬಲಗಣ್ಣಿಗೆ ಏನೂ ನಿಲ್ಲುವುದಿಲ್ಲ. ನನ್ನ ಪರದಾಟ ನೋಡಿ ಇಲ್ಸೆ ಹಿಂದಿನಿಂದ ಬಂದು, ತಮ್ಮ ಅಂಗೈಯಿಂದ ನನ್ನ ಎಡಗಣ್ಣು ಮುಚ್ಚಿದರು.

ಸೂಜಿ ಚುಚ್ಚಿದ ನಿಂಬೆಹಣ್ಣು!

ಅದೇ. ಅಷ್ಟೇ ಗಾತ್ರ, ಅದೇ ಹಳದಿ, ಅದೇ ಸಣ್ಣ ನಡುಕ. ನಾನು ಕೂಗಿಕೊಂಡೆನಂತೆ, ಕೂಗಿದ್ದು ನೆನಪಿಲ್ಲ. ನೆನಪಿರುವುದು ಬೇರೆ. ಇಲ್ಸೆಯ ಕಡಗಗಳು ನನ್ನ ಹಣೆಗೆ ತಣ್ಣಗೆ ತಾಗಿ, ಕೈ ಸ್ವಲ್ಪ ಅಲುಗಿದಾಗ ಒಂದಕ್ಕೊಂದು ತಾಕಿ ಕಿಣಿ ಎಂದವು. ಆ ಸದ್ದು ಹೊಸದಾಗಿರಲಿಲ್ಲ. ಗೌರಿಬಿದನೂರಿನ ತಾರಸಿಯ ಮೇಲೆಯೂ ಹಣೆಯ ಹತ್ತಿರ ಅಂಥದ್ದೇ ಸದ್ದಿತ್ತು.

ಗಡಿಯಾರದ ಪಟ್ಟಿ ಕಿಣಿ ಅನ್ನುವುದಿಲ್ಲ.

ಈ ಸದ್ದು ಈಗ ಹುಟ್ಟಿ ಹಿಂದಕ್ಕೆ ಹೋಗಿ ಕೂತಿತೋ, ಮೊದಲೇ ಅಲ್ಲಿತ್ತೋ? ಅದನ್ನೇ ಯೋಚಿಸುತ್ತ ಒಂದು ಕಲ್ಲಿನ ಮೇಲೆ ಕುಳಿತೆ. ಅನ್ವರ್ ಕ್ಯಾಮೆರಾ ಹಾಕಿ ಕೆಲಸ ಶುರು ಮಾಡಿದ್ದ. ಗ್ರಹವನ್ನು ಒಂದೇ ಕ್ಲಿಕ್ಕಿನಲ್ಲಿ ಹಿಡಿಯುವುದಿಲ್ಲ, ವಿಡಿಯೋ ತೆಗೆಯುತ್ತಾರೆ. ಲ್ಯಾಪ್‌ಟಾಪಿನ ಪರದೆಯ ಮೇಲೆ ಶನಿ ಕುದಿಯುವ ನೀರಿನ ತಳದಲ್ಲಿ ಬಿದ್ದ ಕಾಸಿನಂತೆ ಅಲುಗಾಡುತ್ತಿತ್ತು. ನಮ್ಮ ಮೇಲಿನ ಗಾಳಿಯ ಆಟ ಅದು. ಆಮೇಲೆ ಒಂದು ತಂತ್ರಾಂಶ ಆ ಸಾವಿರಾರು ಚಿತ್ರಗಳಲ್ಲಿ ಚೆನ್ನಾಗಿರುವುದನ್ನಷ್ಟೇ ಆರಿಸಿ, ಮಿಕ್ಕದ್ದನ್ನು ಎಸೆದು, ಒಂದರ ಮೇಲೊಂದು ಕೂರಿಸಿ, ಒಂದು ಚಿತ್ರ ಕೊಡುತ್ತದೆ. ಸ್ವಲ್ಪ ಹೊತ್ತಿಗೆ ಅದು ಬಂತು. ಕೂದಲಿನಷ್ಟು ತೆಳುವಾದ ಗೆರೆ, ಗೋಳದ ಮೇಲೆ ಮಸುಕು ಪಟ್ಟಿಗಳು. ಅಷ್ಟು ಸ್ಪಷ್ಟವಾಗಿ ನಾನು ಏನನ್ನೂ ನೋಡಿಲ್ಲ.

"ಶನಿ ಹೀಗೆ ಇದ್ದದ್ದು ಯಾವ ಗಳಿಗೆಯಲ್ಲಿ?" ಎಂದೆ.

"ಯಾವ ಗಳಿಗೇಲೂ ಇರ್ಲಿಲ್ಲ," ಎಂದ ಅವನು, ಪರದೆಯಿಂದ ಕಣ್ಣು ತೆಗೆಯದೆ. "ಮದುವೆ ಗ್ರೂಪ್ ಫೋಟೋ ಥರ ಕಣೋ ಇದು. ಹತ್ತು ಸಲ ಹೊಡೆದ್ರೂ ಒಂದ್ರಲ್ಲೂ ಎಲ್ಲರ ಕಣ್ಣು ತೆರೆದಿರಲ್ಲ. ಚಿಕ್ಕಪ್ಪನ ಕಣ್ಣು ಇದ್ರಿಂದ, ಅತ್ತೆ ನಗು ಅದ್ರಿಂದ. ಎಲ್ಲಾ ಸೇರಿಸಿ ಕೊಟ್ರೆ, 'ನೋಡು, ಅವತ್ತು ಎಷ್ಟು ಚೆನ್ನಾಗಿ ನಿಂತಿದ್ವಿ' ಅಂತಾರೆ. ಅವತ್ತು ಯಾರೂ ಹಂಗೆ ನಿಂತಿರ್ಲಿಲ್ಲ."

ನಾನು ಪರದೆಯನ್ನೇ ನೋಡುತ್ತಿದ್ದುದನ್ನು ಅವನು ಸಂತೋಷ ಎಂದುಕೊಂಡ. "ಇರು, ಇನ್ನೊಂದು ತಮಾಷೆ ಮಾಡಣ. ನಿಮ್ಮಪ್ಪ ತೋರಿಸಿದ ದಿನಾನೇ ಹುಡುಕಣ." ಆಕಾಶ ತೋರಿಸುವ ಇನ್ನೊಂದು ತಂತ್ರಾಂಶ ತೆರೆದು, ಊರು ಗೌರಿಬಿದನೂರು ಎಂದು ಹಾಕಿ, ವರ್ಷಗಳನ್ನು ಹಿಂದಕ್ಕೆ ಓಡಿಸಿದ. ಉಂಗುರ ಅಗಲವಾಯಿತು, ಕಿರಿದಾಯಿತು, ಗೆರೆಯಾಯಿತು, ಮತ್ತೆ ಅಗಲವಾಯಿತು. ಎರಡನೆಯ ಸಲ ಗೆರೆಯಾದಾಗ ನಿಲ್ಲಿಸಿದ. "ಹಾಂ, ಇಲ್ಲಿದೆ. ದೀಪಾವಳಿ ಆಸುಪಾಸು. ಸಂಜೆ ಹೊತ್ತು, ತಲೆ ಮೇಲೆ. ಸರಿಯಾಗಿದೆ ನೋಡು!"

ಮೂಲೆಯಲ್ಲಿದ್ದ ವರ್ಷ ನೋಡಿದೆ.

"ಅದರ ಹಿಂದಿನ ವರ್ಷದ ದೀಪಾವಳಿ ತೋರಿಸು," ಎಂದೆ. ತೋರಿಸಿದ. ತೆಳ್ಳಗಿತ್ತು, ಆದರೆ ಉಂಗುರ. ಎರಡು ಕಡೆ ಕಿವಿಯಂತೆ ಎದ್ದು ಕಾಣುತ್ತಿತ್ತು.

"ಮತ್ತೆ ಆ ವರ್ಷಕ್ಕೇ ಹೋಗು."

"ಯಾಕೋ? ಏನಾಯ್ತು?"

ಅಪ್ಪ ತೀರಿಕೊಂಡದ್ದು ಆ ವರ್ಷದ ಯುಗಾದಿಗೆ ಒಂದು ವಾರ ಮುಂಚೆ. ದೀಪಾವಳಿಗೆ ನಮ್ಮ ಮನೆಯಲ್ಲಿ ಹಬ್ಬವೇ ಇರಲಿಲ್ಲ. ನನ್ನ ನೆನಪು ನಿಜವೆಂದು ಸಾಬೀತಾಗಿತ್ತು. ಸೂಜಿ ನಿಜ, ತಾರಸಿ ನಿಜ, ಕೈಯೂ ನಿಜ. ಆ ಕೈ ಅಪ್ಪನದಾಗಿರಲು ಸಾಧ್ಯವೇ ಇರಲಿಲ್ಲ.

ನೀರಿನ ತೊಟ್ಟಿಯ ಹತ್ತಿರ

ಆ ತೋಟದಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ದನಗಳು ನೀರು ಕುಡಿಯುವ ತೊಟ್ಟಿಯ ಹತ್ತಿರ ಮಾತ್ರ. ಬೆಳಿಗ್ಗೆ ಅಲ್ಲಿ ನಿಂತು ಅಕ್ಕನಿಗೆ ಫೋನು ಮಾಡಿದೆ. ಅವಳು ಚಿಂತಾಮಣಿಯ ಒಂದು ಶಾಲೆಯಲ್ಲಿ ಹಿಂದಿ ಪಾಠ ಮಾಡುತ್ತಾಳೆ, ಊಟದ ಬಿಡುವಿನಲ್ಲಿದ್ದಳು.

"ಏಮಿ ರಾ, ಸಿಂಹ ಕಂಡ್ಯಾ?" ಎಂದಳು. ಚಿಂತಾಮಣಿಗೆ ಸೊಸೆಯಾಗಿ ಹೋದ ಮೇಲೆ ಅವಳ ಕನ್ನಡದ ತಲೆಬಾಗಿಲಲ್ಲಿ ಸದಾ ಒಂದು ತೆಲುಗು ನಿಂತಿರುತ್ತದೆ.

"ಅಕ್ಕ, ಅವತ್ತು ತಾರಸಿ ಮೇಲೆ ನನ್ನ ಕಣ್ಣು ಮುಚ್ಚಿದ್ದು ಯಾರು?"

ಶಾಲೆಯ ಮಕ್ಕಳ ಗದ್ದಲ ದೂರವಾಯಿತು, ಅವಳು ಎದ್ದು ಆಚೆ ಬಂದಿರಬೇಕು.

"ಇಷ್ಟು ವರ್ಷಕ್ಕೆ ಕೇಳಿದ್ಯಲ್ಲಪ್ಪ," ಎಂದಳು. "ನಾನು ಕಣೋ. ಹತ್ತನೇ ಕ್ಲಾಸಲ್ಲಿದ್ದೆ. ಕ್ವಿಜ್‌ನಲ್ಲಿ ಫಸ್ಟ್ ಬಂದೆ ಅಂತ ಸೈನ್ಸ್ ಮೇಷ್ಟ್ರು ಶನಿವಾರ ಸ್ಕೂಲ್ ಟೆಲಿಸ್ಕೋಪು ಮನೆಗೆ ತಗೊಂಡು ಹೋಗೋಕೆ ಬಿಟ್ಟಿದ್ರು. ಬಟ್ಟೆ ಒಗೆಯೋ ಕಲ್ಲಿನ ಮೇಲೆ ನಿನ್ನನ್ನ ಹತ್ತಿಸಿ ನಿಲ್ಲಿಸಿದ್ದೆ. ಬಳೆ ಚುಚ್ಚತ್ತೆ, ಚುಚ್ಚತ್ತೆ ಅಂತ ಅತ್ಬಿಟ್ಟೆ ನೀನು."

"ಯಾಕೆ ಹೇಳ್ಲಿಲ್ಲ?"

"ಹೇಳ್ತಾನೇ ಇದ್ನಲ್ಲ, ಅವತ್ತು ಅಪ್ಪ ಎಲ್ಲಿದ್ರೋ ಅಂತ."

"ನೀನು ಅಂತ ಯಾಕೆ ಹೇಳ್ಲಿಲ್ಲ?"

"ನೀನು ಮೊದಲನೇ ಸಲ ಈ ಕಥೆ ಹೇಳಿದ್ದು ಅಮ್ಮಂಗೆ. ಅಪ್ಪ ತೋರಿಸಿದ್ರು, ಅಪ್ಪ ಕಣ್ಣು ಮುಚ್ಚಿದ್ರು ಅಂತ. ಅಮ್ಮ ಬಾಯಿಗೆ ಸೆರಗು ಇಟ್ಕೊಂಡು ಕೇಳಿದ್ರು. ಇನ್ನೊಂದ್ಸಲ ಹೇಳೋ ಅಂದ್ರು. ಅದಾದ್ಮೇಲೆ ಪ್ರತಿ ಹಬ್ಬಕ್ಕೂ ಹೇಳಿಸ್ತಿದ್ರು. ನಾನೇನು ಮಧ್ಯ ಬಾಯಿ ಹಾಕ್ಲಾ? ಬಿಡೋ, ಬೆಲ್ ಹೊಡೀತು, ಬರ್ತೀನಿ."

ತೊಟ್ಟಿಯ ಕಟ್ಟೆಯ ಮೇಲೆ ಕುಳಿತೆ. ಒಂದು ಹಸು ನನ್ನನ್ನು ನೋಡುತ್ತ ನೀರು ಕುಡಿಯಿತು. ಅನ್ವರ್ ಹುಡುಕಿಕೊಂಡು ಬಂದ, ಅವನಿಗೆ ಎಲ್ಲ ಹೇಳಿದೆ. ಅವನು ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ತಲೆ ಕೆರೆದುಕೊಂಡ.

"ಒಂದು ವಿಷಯ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನ್ನ ಮದುವೆ ಫೋಟೋದಲ್ಲಿ ನಿಮ್ಮಪ್ಪನ್ನ ಹಾಕಿದ್ನಲ್ಲ? ಸುಮ್ನೆ ಖಾಲಿ ಜಾಗದಲ್ಲಿ ಹಾಕಿದ್ರೆ ತೇಲಿದಂಗೆ ಕಾಣತ್ತೆ. ನೆರಳು ಬೀಳಲ್ಲ, ಪಕ್ಕದವರು ಸರಿಯಾಗಿ ಜಾಗ ಬಿಟ್ಟಿರಲ್ಲ. ಅದಕ್ಕೆ ಅಲ್ಲಿ ಯಾರನ್ನಾದ್ರೂ ನಿಲ್ಲಿಸಿ ಹೊಡೀತೀವಿ. ಆಮೇಲೆ ಅವರನ್ನ ತೆಗೆದು, ಅದೇ ನೆರಳಿನ ಮೇಲೆ ತೀರ್ಕೊಂಡೋರನ್ನ ಕೂರಿಸ್ತೀವಿ."

"ಯಾರನ್ನ ನಿಲ್ಲಿಸಿದ್ದೆ?"

"ಪದ್ಮಕ್ಕನ್ನ. ಅವರೇ ಬಂದು ನಿಂತ್ರು. ನನ್ನ ತೆಗೆದು ಅಪ್ಪನ್ನ ಹಾಕು ಅನ್ವರ್ ಅಂದ್ರು."

ಫೋನಿನಲ್ಲಿದ್ದ ಆ ಫೋಟೋ ತೆರೆದೆ. ಮದುವೆಯಾದಾಗಿನಿಂದ ದಿನಾ ಗೋಡೆಯ ಮೇಲೆ ನೋಡುತ್ತಿರುವ ಫೋಟೋ. ನಾನು, ಹೆಂಡತಿ, ಅಮ್ಮ, ಭಾವ, ಅಕ್ಕನ ಮಗಳು, ಅಪ್ಪ. ಅಕ್ಕ ಇಲ್ಲ. ಅಕ್ಕ ಇಲ್ಲ ಎಂಬುದು ನನ್ನ ಕಣ್ಣಿಗೆ ಒಂದು ದಿನವೂ ಬಿದ್ದಿರಲಿಲ್ಲ. ಅಪ್ಪನ ಕಾಲ ಕೆಳಗಿನ ನೆರಳನ್ನು ದೊಡ್ಡದು ಮಾಡಿ ನೋಡಿದೆ. ಅಂಚಿನಲ್ಲಿ ಅದು ಸ್ವಲ್ಪ ಅಗಲವಾಗಿ ಹರಡಿತ್ತು, ಸೀರೆಯ ನೆರಿಗೆ ಹರಡುವಂತೆ.

ಇಲ್ಸೆ ದೂರದಿಂದ ಕಾಫಿಗೆ ಕೂಗಿದರು. ಅನ್ವರ್ ನನ್ನ ತೋಳು ಹಿಡಿದು ಎಬ್ಬಿಸಿದ. "ಒರಿಜಿನಲ್ ಹಾರ್ಡ್ ಡಿಸ್ಕಲ್ಲಿದೆ ಮಾರಾಯ. ನಾನು ಯಾವುದನ್ನೂ ಅಳಿಸಲ್ಲ," ಎಂದ.

ಚಿಂತಾಮಣಿ

ಊರಿಗೆ ಬಂದ ಮೇಲಿನ ಮೊದಲ ಭಾನುವಾರ ಅಕ್ಕನ ಮನೆಗೆ ಹೋದೆ. ಅನ್ವರ್ ತೆಗೆದುಕೊಟ್ಟ ಒರಿಜಿನಲ್ ಫೋಟೋ ಕೊಟ್ಟಾಗ ಅವಳು ಕನ್ನಡಕ ಹಾಕಿಕೊಂಡು ನೋಡಿ, "ಅಯ್ಯೋ, ಆ ಸೀರೆ ಆಗ್ಲೇ ಹರಿದಿತ್ತು ಕಣೋ. ನೆರಿಗೆಯೊಳಗೆ ಮುಚ್ಚಿಟ್ಟಿದ್ದೆ," ಎಂದು ನಕ್ಕಳು. ಫೋಟೋ ಮಗುಚಿ ಟಿವಿಯ ಪಕ್ಕ ಇಟ್ಟಳು.

ಲ್ಯಾಪ್‌ಟಾಪಿನಲ್ಲಿ ಶನಿಯ ಚಿತ್ರ ತೋರಿಸಿದೆ, ಕೂದಲಿನಷ್ಟು ತೆಳು ಗೆರೆ, ಗೋಳದ ಮೇಲಿನ ಪಟ್ಟಿಗಳು. ಚೆನ್ನಾಗಿದೆ ಎಂದಳು, ನೆಂಟರ ಮಗುವಿನ ಫೋಟೋ ನೋಡಿ ಹೇಳುವಂತೆ. "ಆದ್ರೆ ಇದಲ್ಲ. ಅವತ್ತು ಇಷ್ಟು ಚೆಂದ ಇರ್ಲಿಲ್ಲ."

ಅನ್ವರನಿಂದ ಇನ್ನೊಂದನ್ನೂ ಕೇಳಿ ತಂದಿದ್ದೆ. ಏನನ್ನೂ ಆರಿಸದ, ಎಸೆಯದ ಮೂಲ ವಿಡಿಯೋ. ಹಾಕಿದೆ. ಪರದೆಯ ಮೇಲೆ ಮಸುಕಾದ ಹಳದಿ ಚುಕ್ಕೆ ನಡುಗಿತು, ಕರಗಿತು, ಒಂದು ಕ್ಷಣ ಗೆರೆ ಕಂಡು ಮತ್ತೆ ನೀರಾಯಿತು.

ಅಕ್ಕ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ಅವಳಿಗೆ ಗೊತ್ತಿಲ್ಲದೆಯೇ ಅವಳ ಎಡಗಣ್ಣು ಮುಚ್ಚಿಕೊಂಡಿತು.

"ಹಾಂ. ಇದು," ಎಂದಳು.

ವಿಡಿಯೋ ಮುಗಿಯಿತು. ಮತ್ತೆ ಹಾಕು ಎಂದಳು. ಮೂರನೆಯ ಸಲ ಹಾಕುವಾಗ ನನ್ನ ಕಡೆ ತಿರುಗಿ, "ನಿಂಗೆ ಈಗ್ಲಾದ್ರೂ ಒಂದು ಕಣ್ಣು ಮುಚ್ಚೋಕೆ ಬರತ್ತೇನೋ?" ಎಂದು ಕೇಳಿದಳು.

"ಇಲ್ಲ ಕಣಕ್ಕ," ಎಂದೆ.

"ದಂಡ ಕಣೋ ನೀನು," ಎಂದು ನನ್ನ ಎಡಗಣ್ಣಿನ ಕಡೆಗೆ ಕೈ ಚಾಚಿದಳು.